ಹಡಗಿಗಾಗಿ ಹುಟ್ಟಿದ ಸ್ಟೇಷನ್: ಧನುಷ್ಕೋಟಿಯ ಪ್ರಕರಣ

ರಾಮೇಶ್ವರದ ರೈಲು ಪಾಂಬನ್ ಸೇತುವೆ ಮೇಲಿರುವಷ್ಟು ಹೊತ್ತು ಬೋಗಿಯೊಳಗೆ ಯಾರೂ ಕೂತಿರುವುದಿಲ್ಲ. ಎಲ್ಲರೂ ಬಾಗಿಲಲ್ಲಿ, ಕಿಟಕಿಯಲ್ಲಿ, ಕೈಯಲ್ಲಿ ಮೊಬೈಲು. ಸೇತುವೆ ಮುಗಿದು ಚಕ್ರದ ಸದ್ದು ಬದಲಾದದ್ದೇ ತಡ, ಚೀಲ ಇಳಿಸುವ, ಮಕ್ಕಳ ಚಪ್ಪಲಿ ಹುಡುಕುವ ಗಡಿಬಿಡಿ. ಆ ಗಡಿಬಿಡಿಯಲ್ಲಿ ತಪ್ಪಿಹೋಗುವುದೊಂದಿದೆ. ತಪ್ಪದೆ ನೋಡಿದರೂ ಈಗ ಅದು ಕಾಣುವುದಿಲ್ಲ, ಆ ಮಾತು ಬೇರೆ. ಪಾಂಬನ್ ಸ್ಟೇಷನ್ನಿನಲ್ಲಿ ಹಿಂದೆ ಹಳಿ ಎರಡಾಗಿ ಒಡೆಯುತ್ತಿತ್ತು. ಎಡಗವಲು ರಾಮೇಶ್ವರಕ್ಕೆ, ಸುಮಾರು 10 ಕಿ.ಮೀ. ಬಲಗವಲು ಧನುಷ್ಕೋಟಿಗೆ, ಸುಮಾರು 24 ಕಿ.ಮೀ. ಈಗ ನಾವು ಹೋಗುವುದು ಎಡಗವಲಿನಲ್ಲಿ. ಅದೊಂದೇ ಉಳಿದಿರುವುದು. ಆದರೆ 1914ರಿಂದ 1964ರ ಡಿಸೆಂಬರ್‌ವರೆಗೆ ಮದ್ರಾಸಿನಿಂದ ಬರುತ್ತಿದ್ದ ದೊಡ್ಡ ಗಾಡಿ ಬಲಕ್ಕೆ ಹೊರಳುತ್ತಿತ್ತು.

ಧನುಷ್ಕೋಟಿಯ ಬಗ್ಗೆ ಬರೆದಿರುವುದಕ್ಕೇನೂ ಕಡಿಮೆಯಿಲ್ಲ. ಹೆಚ್ಚಿನವು ‘ದೆವ್ವದ ಊರು’ ಎಂಬ ತಲೆಬರಹದವು. ಮುರಿದ ಗೋಡೆಯ ಹಿಂದೆ ಸೂರ್ಯ ಮುಳುಗುವ ಒಂದು ಫೋಟೋ, ಕೆಳಗೆ ಒಂದೇ ರಾತ್ರಿಯಲ್ಲಿ ಊರು ಮುಳುಗಿದ ಕಥೆ. ಆ ರಾತ್ರಿಯ ಕಥೆ ಇಲ್ಲೂ ಬರುತ್ತದೆ, ಅದನ್ನು ಬಿಟ್ಟು ಈ ಸ್ಟೇಷನ್ನಿನ ಮಾತಾಡಲು ಬರುವುದಿಲ್ಲ. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆಯದು. 1964ರ ಡಿಸೆಂಬರಿನಲ್ಲಿ ಊರನ್ನು ಮುಳುಗಿಸಿದ ಅದೇ ಚಂಡಮಾರುತ ಪಾಂಬನ್ ಸೇತುವೆಯನ್ನೂ ಕಿತ್ತೊಗೆದಿತ್ತು. ಸೇತುವೆ 46 ದಿನದಲ್ಲಿ ಎದ್ದು ನಿಂತಿತು. ಅಲ್ಲಿಂದ ಮುಂದಿನ 24 ಕಿ.ಮೀ. ಹಳಿ ಅರವತ್ತು ವರ್ಷವಾದರೂ ಏಳಲಿಲ್ಲ. ಯಾಕೆ?

ಮೊದಲು ಜಾಗ ನೋಡೋಣ. ತಮಿಳರ ಬಾಯಲ್ಲಿ ಅದು ಧನುಷ್ಕೋಡಿ, ನಮ್ಮಲ್ಲಿ ಪಂಚಾಂಗದವರೂ ಪುರಾಣದವರೂ ಹೇಳುವುದು ಧನುಷ್ಕೋಟಿ. ಕೋಟಿ ಅಂದರೆ ತುದಿ, ರಾಮನ ಬಿಲ್ಲಿನ ತುದಿ. ನಮ್ಮ ಕರಾವಳಿಯವರಿಗೆ ‘ಕೋಡಿ’ ಅಂದರೂ ಅರ್ಥವಾಗುತ್ತದೆ. ಕುಂದಾಪುರದ ಕೋಡಿ, ಉಡುಪಿ ಕಡೆಯ ಕೋಡಿಬೆಂಗ್ರೆ ನೋಡಿದವರು ಧನುಷ್ಕೋಟಿಯ ನೆಲವನ್ನು ಕಣ್ಣುಮುಚ್ಚಿ ಊಹಿಸಬಹುದು: ಎರಡು ನೀರಿನ ನಡುವೆ ಚಾಚಿಕೊಂಡ ಮರಳಿನ ನಾಲಿಗೆ. ವ್ಯತ್ಯಾಸವಿಷ್ಟೆ, ನಮ್ಮಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಕಡಲು. ಅಲ್ಲಿ ಎರಡೂ ಕಡೆ ಕಡಲು. ಉತ್ತರಕ್ಕಿರುವುದು ಸಾಧು, ಅದನ್ನು ಊರವರು ಹೆಣ್ಣು ಕಡಲು ಎನ್ನುತ್ತಾರೆ. ದಕ್ಷಿಣದ ಮನ್ನಾರ್ ಖಾರಿ ಅಬ್ಬರದ್ದು, ಅದು ಗಂಡು ಕಡಲು. ಅಂಥ ನಾಲಿಗೆಯ ಮೇಲೆ ಹಳಿ ಹಾಕಿ, ಸ್ಟೇಷನ್ ಕಟ್ಟಿ, ಹಡಗುಕಟ್ಟೆ ಮಾಡುವ ಯೋಚನೆ ಯಾರಿಗಾದರೂ ಯಾಕೆ ಬರಬೇಕು?

ಕಾರಣ ಸಿಲೋನು, ಇಂದಿನ ಶ್ರೀಲಂಕಾ. 1914ಕ್ಕೆ ಮೊದಲು ಮದ್ರಾಸಿನಿಂದ ಕೊಲಂಬೋಗೆ ಹೋಗುವವರು ರೈಲಿನಲ್ಲಿ ತೂತ್ತುಕುಡಿಗೆ ಹೋಗಿ, ಅಲ್ಲಿಂದ ಸ್ಟೀಮರ್ ಹತ್ತಿ ರಾತ್ರಿಯಿಡೀ ಸಮುದ್ರದಲ್ಲಿ ಹೊಯ್ದಾಡಿಕೊಂಡು ಹೋಗಬೇಕಿತ್ತು. ಧನುಷ್ಕೋಟಿಯಿಂದ ಆಚೆ ದಡದ ತಲೈಮನ್ನಾರ್ ಬರೀ 22 ಮೈಲಿ. ಹೊಟ್ಟೆ ತೊಳಸುವುದಕ್ಕೆ ಮೊದಲೇ ದಡ ಸಿಗುವಷ್ಟು ದೂರ. ಸೌತ್ ಇಂಡಿಯನ್ ರೈಲ್ವೆ ಕಂಪನಿಯ ಲೆಕ್ಕಾಚಾರ ಇದೇ ಆಗಿತ್ತು. ನೆಲದ ಮೇಲೆ ಆದಷ್ಟು ದೂರ ರೈಲು ಓಡಿಸುವುದು, ನೀರಿನ ಮೇಲೆ ಆದಷ್ಟು ಕಡಿಮೆ ಹೊತ್ತು ಇರುವುದು. ಅದಕ್ಕೆ ಮುಖ್ಯಭೂಮಿಗೂ ದ್ವೀಪಕ್ಕೂ ಸೇತುವೆ ಬೇಕು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಎರಡು ಕಿ.ಮೀ.ಗಿಂತ ಉದ್ದದ ಆ ಸೇತುವೆಯ ನಡುವೆ ಷೆರ್ಜರ್ ಎಂಬವನ ವಿನ್ಯಾಸದ ಒಂದು ಭಾಗವಿತ್ತು. ಹಡಗು ಬಂದಾಗ ಎರಡು ಕದ ತೆರೆದಂತೆ ಅದು ಮೇಲೇಳುತ್ತಿತ್ತು. ಎತ್ತುತ್ತಿದ್ದದ್ದು ಮೋಟಾರಲ್ಲ, ಮನುಷ್ಯರೇ ಸನ್ನೆಗೋಲು ಹಿಡಿದು ಸುತ್ತು ಹಾಕುತ್ತಿದ್ದರು.

ಹಡಗುಗಳಿಗೆ ಕರ್ಜನ್, ಎಲ್ಗಿನ್, ಹಾರ್ಡಿಂಜ್ ಎಂದು ವೈಸರಾಯ್‌ಗಳ ಹೆಸರು. ಆಮೇಲೆ 1930ರ ಹೊತ್ತಿಗೆ ಇರ್ವಿನ್ ಮತ್ತು ಗೋಷನ್ ಬಂದವು. ಅವು ಸ್ವಾತಂತ್ರ್ಯ ಬಂದ ಮೇಲೂ ಓಡಾಡಿದವು. ವೈಸರಾಯ್‌ಗಳು ಊರಿಗೆ ಹೋದರೂ ಅವರ ಹೆಸರು ಇಲ್ಲಿ ಹೊಗೆ ಉಗುಳುತ್ತ ಇತ್ತು ಅನ್ನಿ. ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನಲ್ಲಿ ಕೊಂಡ ಒಂದೇ ಟಿಕೆಟ್ಟು ಕೊಲಂಬೋವರೆಗೂ ನಡೆಯುತ್ತಿತ್ತು. ಧನುಷ್ಕೋಟಿವರೆಗೆ ಮೀಟರ್ ಗೇಜ್ ರೈಲು, ಕಟ್ಟೆಯಲ್ಲಿ ಹಡಗು, ತಲೈಮನ್ನಾರ್ ಕಟ್ಟೆಯಲ್ಲಿ ಕಾದು ನಿಂತ ಸಿಲೋನ್ ರೈಲು. ಈ ಗಾಡಿಗೆ ಜನ ಇಟ್ಟ ಹೆಸರು ಬೋಟ್ ಮೇಲ್. ರೈಲು ಯಾವುದರ ಸೇವೆಗಿದೆ ಎಂಬುದು ಹೆಸರಿನಲ್ಲೇ ಇದೆ.

ಸ್ಟೇಷನ್ನಿನ ಸುತ್ತ ಊರು ಬೆಳೆಯಿತು, ಊರಿಗಾಗಿ ಸ್ಟೇಷನ್ ಬರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇದು. ರೈಲ್ವೆ ಆಸ್ಪತ್ರೆ, ಪ್ರಾಥಮಿಕ ಶಾಲೆ, ಅಂಚೆ ಕಚೇರಿ, ಸುಂಕದ ಕಚೇರಿ, ಬಂದರು ಕಚೇರಿ, ಚರ್ಚು, ರೈಲ್ವೆ ನೌಕರರ ಮನೆಗಳು, ಯಾತ್ರಿಕರಿಗೆ ಛತ್ರ. ಮೀನುಗಾರರ ಗುಡಿಸಲು ಮತ್ತು ಸೇತುಸ್ನಾನದ ಕಡಲು ಎರಡನ್ನು ಬಿಟ್ಟರೆ, ಹಡಗು ನಿಂತರೆ ನಿಲ್ಲುವಂಥವೇ ಎಲ್ಲ.

ಸೇತುಸ್ನಾನದ ಮಾತು ಬಂದದ್ದಕ್ಕೆ ಒಂದು ನೆನಪು. ನಮ್ಮ ಮನೆಯ ದೇವರ ಗೂಡಿನಲ್ಲಿ ಗಂಗೆಯ ತಾಮ್ರದ ಥಾಲಿಯ ಪಕ್ಕ ಒಂದು ಪುಟ್ಟ ಬಟ್ಟೆಯ ಗಂಟಿತ್ತು. ಒಳಗೆ ಮರಳು. ಚಿಕ್ಕಂದಿನಲ್ಲಿ ಬಿಚ್ಚಿ ನೋಡಿ ಅಜ್ಜಿಯಿಂದ ಬೈಸಿಕೊಂಡಿದ್ದೆ. ಕಾಶಿ-ರಾಮೇಶ್ವರ ಯಾತ್ರೆಯ ಕ್ರಮ ತಿಳಿದವರಿಗೆ ಗೊತ್ತಿರುತ್ತದೆ: ಮೊದಲು ಸೇತುವಿನಲ್ಲಿ ಮಿಂದು ಅಲ್ಲಿನ ಮರಳು ಕಟ್ಟಿಕೊಂಡು ಪ್ರಯಾಗಕ್ಕೆ ಹೋಗಿ ತ್ರಿವೇಣಿಯಲ್ಲಿ ಬಿಡಬೇಕು, ಅಲ್ಲಿಂದ ಗಂಗೆ ತಂದು ರಾಮನಾಥಸ್ವಾಮಿಗೆ ಅಭಿಷೇಕ ಮಾಡಿಸಬೇಕು. ಸೇತು ಅಂದರೆ ಧನುಷ್ಕೋಟಿ. ಮಲೆನಾಡಿನ, ಬಯಲುಸೀಮೆಯ ಎಷ್ಟೋ ಅಜ್ಜ-ಅಜ್ಜಿಯರು ಕೊಲಂಬೋಗೆ ಹೊರಟ ಸಾಹೇಬರು ಇಳಿಯುತ್ತಿದ್ದ ಅದೇ ಸ್ಟೇಷನ್ನಿನಲ್ಲಿ ಇಳಿದು, ಒದ್ದೆ ಸೀರೆಯಲ್ಲಿ ಮರಳು ಕಟ್ಟಿಕೊಂಡು ಬಂದಿದ್ದಾರೆ. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ಹುಟ್ಟಿದಾಗ ನಮ್ಮ ಮೈಸೂರು ರೈಲ್ವೆಯೂ ಧನುಷ್ಕೋಟಿಯ ಹಳಿಯೂ ಒಂದೇ ವಲಯಕ್ಕೆ ಸೇರಿದವು. ನಮ್ಮಜ್ಜಿಯ ಮರಳು ಯಾತ್ರೆಯಲ್ಲಿ ಪ್ರಯಾಗದವರೆಗೆ ಹೋಗಲಿಲ್ಲ, ಯಾಕೆಂದು ಯಾರೂ ಹೇಳಲಿಲ್ಲ.

ಆದರೆ ರೈಲಿಗೆ ಅನ್ನ ಹಾಕುತ್ತಿದ್ದವರು ಯಾತ್ರಿಕರೂ ಅಲ್ಲ, ಸಾಹೇಬರೂ ಅಲ್ಲ. ಸಿಲೋನಿನ ಚಹಾ ತೋಟಗಳಿಗೆ ತಮಿಳುನಾಡಿನ ಒಣ ಜಿಲ್ಲೆಗಳಿಂದ ಹೊರಟ ಕೂಲಿಯವರು. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಮೇಸ್ತ್ರಿ ಹೇಗೋ, ಅಲ್ಲಿಗೆ ಕಂಗಾಣಿ ಹಾಗೆ. ಊರಿಂದ ಊರಿಗೆ ತಿರುಗಿ, ಮುಂಗಡ ಕೊಟ್ಟು, ಸಂಸಾರ ಸಮೇತ ಜನರನ್ನು ಕರೆದುಕೊಂಡು ಬರುತ್ತಿದ್ದ. ಸೇತುವೆಗೆ ಈಚೆಯ ಮಂಡಪಂನಲ್ಲಿ ಅವರನ್ನು ಕ್ಯಾಂಪಿನಲ್ಲಿ ಇಳಿಸಿ, ಕಾಲರಾ, ಪ್ಲೇಗು ಇಲ್ಲವೆಂದು ಖಾತ್ರಿಯಾಗುವ ತನಕ ಕೂಡಿಹಾಕಿ, ಆಮೇಲೆ ಧನುಷ್ಕೋಟಿಯ ಹಡಗಿಗೆ ಬಿಡುತ್ತಿದ್ದರು. ಈ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಅತಿ ಹೆಚ್ಚು ಹೆಜ್ಜೆ ಇಟ್ಟ ಕಾಲುಗಳು ಚಪ್ಪಲಿ ಇಲ್ಲದವು. ಬೋಟ್ ಮೇಲ್‌ನ ಸೊಗಸನ್ನು ಹಾಡಿ ಹೊಗಳುವ ಬರಹಗಳಲ್ಲಿ ಈ ಮಾತಿಗೆ ಒಂದು ಸಾಲೂ ಇರುವುದಿಲ್ಲ.

ರಾಮೇಶ್ವರದ ಪಾಡು ಆಗ ಹೇಗಿತ್ತು ಎನ್ನುವುದಕ್ಕೆ ಒಂದು ಚಿಕ್ಕ ಸಾಕ್ಷಿ ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದ ರೈಲು ನಿಲುಗಡೆಯನ್ನು ರದ್ದು ಮಾಡಿದ್ದರು. ಊರಿನ ದಿನಪತ್ರಿಕೆಗಳ ಕಟ್ಟುಗಳನ್ನು ರಾಮೇಶ್ವರಕ್ಕೂ ಧನುಷ್ಕೋಟಿಗೂ ನಡುವಿನ ರಾಮೇಶ್ವರಂ ರೋಡ್ ಬಳಿ ಓಡುವ ಗಾಡಿಯಿಂದಲೇ ಎಸೆಯುತ್ತಿದ್ದರು. ಪತ್ರಿಕೆ ಹಂಚುತ್ತಿದ್ದ ಸೋದರಸಂಬಂಧಿಗೆ ಆ ಕಟ್ಟುಗಳನ್ನು ಹಿಡಿದುಕೊಡುತ್ತ ಮೊದಲ ಸಂಬಳ ಎಣಿಸಿದ ಹುಡುಗ ಮುಂದೆ ರಾಷ್ಟ್ರಪತಿಯಾದ ಅಬ್ದುಲ್ ಕಲಾಂ. ಆ ಹುಡುಗನ ಕಥೆಯನ್ನು ನಾವು ಕಷ್ಟಪಟ್ಟು ಮೇಲೆ ಬಂದವರ ಉದಾಹರಣೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು ರೈಲ್ವೆಯ ಕಣ್ಣಲ್ಲಿ ಎರಡು ಊರುಗಳಿಗಿದ್ದ ಬೆಲೆ. ದೇವಸ್ಥಾನದ ಊರಿನಲ್ಲಿ ಗಾಡಿ ನಿಲ್ಲದಿದ್ದರೂ ನಡೆಯುತ್ತಿತ್ತು, ಹಡಗಿನ ಊರಿಗೆ ಮುಟ್ಟಲೇಬೇಕಿತ್ತು.

ಇನ್ನು ಬಿರುಕುಗಳ ವಿಷಯ. 1964ಕ್ಕೆ ಮೊದಲೇ ಅವು ಬಿದ್ದಿದ್ದವು.

ಮೊದಲ ಬಿರುಕು ನೆಲದ್ದೇ. 1948-49ರಲ್ಲಿ ಧನುಷ್ಕೋಟಿಯ ದಕ್ಷಿಣ ಭಾಗ, ಗಂಡು ಕಡಲಿನ ಕಡೆಯದು, ಸುಮಾರು 5 ಮೀಟರ್ ಕುಸಿಯಿತು. ಅರ್ಧ ಕಿ.ಮೀ. ಅಗಲದ, 7 ಕಿ.ಮೀ. ಉದ್ದದ ನೆಲದ ಪಟ್ಟಿ ಸಮುದ್ರದ ಪಾಲಾಯಿತು. ಇದು ಅಲೆ ಕೊರೆದದ್ದಲ್ಲ, ನೆಲವೇ ಕೆಳಗಿಳಿದದ್ದು ಎಂಬುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧ್ಯಯನದ ತೀರ್ಮಾನ. ಚಂಡಮಾರುತಕ್ಕೆ ಹದಿನೈದು ವರ್ಷ ಮೊದಲು ಊರು ಅರ್ಧ ಮೆಟ್ಟಿಲು ನೀರಿಗಿಳಿದಿತ್ತು. ಮೇಲಿನ ಮೆಟ್ಟಿಲ ಮೇಲೆ ರೈಲು ಎಂದಿನಂತೆ ಬಂದು ಹೋಗುತ್ತಿತ್ತು.

ಎರಡನೆಯದು ಕಾಗದದ್ದು. ಅದೇ 1948ರಲ್ಲಿ ಸ್ವತಂತ್ರ ಸಿಲೋನಿನ ಪೌರತ್ವ ಕಾನೂನು ಬಂತು. ತೋಟಗಳ ತಮಿಳರಲ್ಲಿ ಬಹುಪಾಲು ಜನ ಒಂದೇ ಏಟಿಗೆ ಯಾವ ದೇಶದವರೂ ಅಲ್ಲದವರಾದರು. ಒಂದೇ ಟಿಕೆಟ್ಟಿನಲ್ಲಿ ದಾಟುತ್ತಿದ್ದ 22 ಮೈಲಿ ಈಗ ಎರಡು ದೇಶಗಳ ಗಡಿ. ಹಡಗು ಓಡುತ್ತಿತ್ತು, ಆದರೆ ಅದನ್ನು ಹುಟ್ಟಿಸಿದ ಕಾರಣ ಕರಗುತ್ತಿತ್ತು.

ಈಗ ಆ ರಾತ್ರಿ.

1964ರ ಡಿಸೆಂಬರ್ 17ರಂದು ಅಂಡಮಾನ್ ಸಮುದ್ರದ ದಕ್ಷಿಣದಲ್ಲಿ ವಾಯುಭಾರ ಕುಸಿತ. 19ಕ್ಕೆ ಅದು ತೀವ್ರ ಚಂಡಮಾರುತ. 21ರ ನಂತರ ಗೆರೆ ಎಳೆದಂತೆ ಪಶ್ಚಿಮಕ್ಕೆ, ದಿನಕ್ಕೆ 400-550 ಕಿ.ಮೀ. ವೇಗದಲ್ಲಿ ಸಾಗಿತು. 22ರಂದು ಸಿಲೋನಿನ ವವುನಿಯಾ ದಾಟಿತು. ಆಗ ಗಾಳಿಯ ವೇಗ ಗಂಟೆಗೆ 280 ಕಿ.ಮೀ. ಇದ್ದಿರಬಹುದೆಂಬ ಅಂದಾಜಿದೆ. ನಡುರಾತ್ರಿಯ ಹೊತ್ತಿಗೆ ಧನುಷ್ಕೋಟಿಗೆ ಅಪ್ಪಳಿಸಿತು. ಅಲೆಗಳ ಎತ್ತರ 7 ಮೀಟರ್ ಎನ್ನುತ್ತಾರೆ. ಎರಡಂತಸ್ತಿನ ಮನೆಯಷ್ಟು. ಆ ನಾಲಿಗೆಯ ಮೇಲೆ ಎರಡಂತಸ್ತು ಎತ್ತರದ ದಿಬ್ಬ ಒಂದೂ ಇಲ್ಲ.

653 ನಂಬರಿನ ಪಾಂಬನ್-ಧನುಷ್ಕೋಟಿ ಪ್ಯಾಸೆಂಜರ್ ದಿನಾ ಓಡುವ ಗಾಡಿ. ಅಂದು ರಾತ್ರಿ 11.55ಕ್ಕೆ 110 ಪ್ರಯಾಣಿಕರು ಮತ್ತು 5 ಜನ ರೈಲ್ವೆ ಸಿಬ್ಬಂದಿಯೊಂದಿಗೆ ಪಾಂಬನ್ ಬಿಟ್ಟಿತು. ಧನುಷ್ಕೋಟಿ ಸ್ಟೇಷನ್ನಿಗೆ ಕೆಲವು ನೂರು ಗಜ ಇರುವಾಗ ಅಲೆ ಬಡಿಯಿತು. ಆರು ಬೋಗಿ ಎನ್ನುವವರಿದ್ದಾರೆ, ಬೋಗಿಯ ಲೆಕ್ಕ ತೆಗೆದುಕೊಂಡು ಏನು ಮಾಡುವುದು. ಒಬ್ಬರೂ ಉಳಿಯಲಿಲ್ಲ.

ಈ ಘಟನೆಯನ್ನು ಹೇಳುವವರೆಲ್ಲ ಒಂದು ಚಿತ್ರವನ್ನು ತಪ್ಪದೆ ಸೇರಿಸುತ್ತಾರೆ. ಸ್ಟೇಷನ್ನಿನ ಹೊರಗೆ ಸಿಗ್ನಲ್ ಕೆಟ್ಟಿತ್ತು. ನಮ್ಮ ಹಳಬರು ಕೈಮರ ಎನ್ನುತ್ತಿದ್ದರಲ್ಲ, ಆ ತೋಳು ಇಳಿಯಲಿಲ್ಲ. ಡ್ರೈವರ್ ಗಾಡಿ ನಿಲ್ಲಿಸಿದ, ಕಾದ, ಕತ್ತಲಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಉದ್ದನೆಯ ಒಂದು ಶಿಳ್ಳೆ ಹಾಕಿ, ಆದದ್ದಾಗಲಿ ಎಂದು ಮುಂದೆ ಬಿಟ್ಟ. ಓದುವಾಗ ಮೈ ಜುಂ ಎನ್ನುತ್ತದೆ. ಆಮೇಲೆ ಯೋಚನೆ ಬರುತ್ತದೆ: ಗಾಡಿಯಲ್ಲಿದ್ದವರು ಯಾರೂ ಬದುಕಲಿಲ್ಲವಾದರೆ ಡ್ರೈವರ್ ‘ಆದದ್ದಾಗಲಿ’ ಅಂದುಕೊಂಡದ್ದು ಹೇಳಿದವರು ಯಾರು? ಶಿಳ್ಳೆಯನ್ನು ಊರಲ್ಲಿ ಬದುಕುಳಿದವರು ಕೇಳಿರಬಹುದು. ಆ ಗಾಳಿಯಲ್ಲಿ ಅದೂ ಕಷ್ಟವೇ. ಡ್ರೈವರನ ಮನಸ್ಸಿನೊಳಗಿನ ಮಾತು ಮಾತ್ರ ಕಥೆ ಕಟ್ಟಿದವರದು. ಆ ಚಿತ್ರ ನಮಗೆ ಇಷ್ಟವಾಗುವುದಕ್ಕೂ ಕಾರಣವಿದೆ. ಇಡೀ ಅನಾಹುತದ ಭಾರವನ್ನು ಅದು ಒಬ್ಬ ಮನುಷ್ಯನ ಒಂದು ಕ್ಷಣದ ಮೇಲೆ ಹೊರಿಸುತ್ತದೆ. ಐದು ದಿನದಿಂದ ಸಮುದ್ರದ ಮೇಲೆ ಬೆಳೆಯುತ್ತಿದ್ದ ಚಂಡಮಾರುತ ಅಂದು ಆಚೆ ದಡದ ದೇಶವನ್ನು ದಾಟುತ್ತಿರುವಾಗ, ನಡುರಾತ್ರಿಯಲ್ಲಿ ಆ ಗಾಡಿಯನ್ನು ಪಾಂಬನ್‌ನಿಂದ ಹೊರಡಿಸಿದ್ದೇ ಯಾಕೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

115 ಎಂಬ ಸಂಖ್ಯೆಯ ಕಥೆಯೂ ಅಷ್ಟೇ. ಅದು ಟಿಕೆಟ್ಟು ಕೊಂಡ 110 ಜನರಿಗೆ 5 ಸಿಬ್ಬಂದಿ ಸೇರಿಸಿದ ಲೆಕ್ಕ. ಟಿಕೆಟ್ಟಿಲ್ಲದೆ ಹತ್ತಿದವರನ್ನು ಸೇರಿಸಿ 200 ಎನ್ನುವವರಿದ್ದಾರೆ. ರಾತ್ರಿಯ ಕೊನೇ ಪ್ಯಾಸೆಂಜರಿನಲ್ಲಿ, ಅದೂ ಮೀನುಗಾರರ ಊರಿಗೆ ಹೋಗುವ ಗಾಡಿಯಲ್ಲಿ, ಎಲ್ಲರೂ ಟಿಕೆಟ್ಟು ಕೊಂಡಿದ್ದರೆಂದು ನಂಬುವವರು ಆ ಬಗೆಯ ಗಾಡಿಯಲ್ಲಿ ಕೂತಿರಲಾರರು. ಇಡೀ ಚಂಡಮಾರುತದಲ್ಲಿ ಸತ್ತವರು 1,800ಕ್ಕೆ ಕಡಿಮೆಯಿಲ್ಲ ಎಂಬ ಅಂದಾಜಿದೆ.

ಸುದ್ದಿ ಹೊರಗೆ ಬಂದ ರೀತಿಯನ್ನೂ ಗಮನಿಸಬೇಕು. ತಂತಿಗಳೆಲ್ಲ ಕಡಿದುಹೋಗಿದ್ದವು, ಸೇತುವೆ ಇರಲಿಲ್ಲ, ದ್ವೀಪ ಮತ್ತೆ ದ್ವೀಪವಾಗಿತ್ತು. ಮಂಡಪಂನ ಮೆರೀನ್ ಸೂಪರಿಂಟೆಂಡೆಂಟ್ ಕೊಟ್ಟ ಮಾಹಿತಿಯ ಮೇಲೆ ರೈಲ್ವೆ ಕೇಂದ್ರ ಕಚೇರಿ ಪ್ರಕಟಣೆ ಹೊರಡಿಸಿದ್ದು 25ನೇ ತಾರೀಕು. ಒಂದು ಇಡೀ ರೈಲು ಕಾಣೆಯಾಗಿ ಎರಡು ದಿನ ದೇಶಕ್ಕೆ ಗೊತ್ತಿರಲಿಲ್ಲ. ಬೋಗಿಗಳ ಮರದ ತುಂಡುಗಳು ಸಿಲೋನಿನ ದಡಕ್ಕೆ ತೇಲಿಹೋದವೆಂಬ ವರದಿಗಳೂ ಬಂದವು. ಇತ್ತ ರಾಮೇಶ್ವರದಲ್ಲಿ ನೀರು ದೇವಸ್ಥಾನದ ಹತ್ತಿರದವರೆಗೆ ಬಂತು. ಒಳಗೆ ಆಶ್ರಯ ಪಡೆದ ನೂರಾರು ಜನ ಬದುಕಿದರು.

ಪಾಂಬನ್ ಸೇತುವೆಯ ನೂರಕ್ಕೂ ಹೆಚ್ಚು ಗರ್ಡರ್‌ಗಳು, ಅಂದರೆ ಹಳಿ ಹೊರುವ ಉಕ್ಕಿನ ತೊಲೆಗಳು, ಕೊಚ್ಚಿಹೋಗಿದ್ದವು. ನಡುವಿನ ಷೆರ್ಜರ್ ಭಾಗ ಮಾತ್ರ ಹಾಗೇ ನಿಂತಿತ್ತು. ದುರಸ್ತಿಗೆ ರೈಲ್ವೆ ಆರು ತಿಂಗಳು ಎಂದಿತು. ವಲಯದ ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿದ್ದು 32 ವರ್ಷದ ಒಬ್ಬ ಎಂಜಿನಿಯರಿಗೆ. ಕಡಲ ತಳಕ್ಕೆ ಬಿದ್ದ ಗರ್ಡರ್‌ಗಳನ್ನೇ ಹುಡುಕಿ ಮೇಲೆತ್ತಿ ಮತ್ತೆ ಕಂಬದ ಮೇಲೆ ಕೂರಿಸಿ ಅವರು 46 ದಿನದಲ್ಲಿ ಮುಗಿಸಿದರು. ಹೆಸರು ಇ. ಶ್ರೀಧರನ್. ಕಾರವಾರ, ಕುಮಟಾ, ಉಡುಪಿಗೆ ರೈಲು ತಂದ ಕೊಂಕಣ ರೈಲ್ವೆಯನ್ನು ಮುಂದೆ ಕಟ್ಟಿಸಿದವರು ಇವರೇ.

46 ದಿನದ ಈ ಸಾಹಸವನ್ನು ಹೇಳುವವರು ಸೇತುವೆಯ ಆಚೆ ತುದಿಗೆ ಬಂದು ನಿಲ್ಲಿಸಿಬಿಡುತ್ತಾರೆ. ಸೇತುವೆಯ ಆಚೆ ಎರಡು ಕವಲಿದ್ದವು, ಒಂದಕ್ಕೆ ಮಾತ್ರ ಹಳಿ ಹಾಕಿದರು. ಮದ್ರಾಸ್ ಸರ್ಕಾರ ಧನುಷ್ಕೋಟಿಯನ್ನು ಜನವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿತು. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ: ಪ್ರಕೃತಿ ಮುನಿಯಿತು, ಸರ್ಕಾರ ಕೈಬಿಟ್ಟಿತು. ನನಗೆ ಇದು ಪೂರಾ ಒಪ್ಪಿಗೆಯಾಗುವುದಿಲ್ಲ. ಅಪಾಯದ ಜಾಗವೆನ್ನುವುದಾದರೆ ಪಾಂಬನ್ ಕಾಲುವೆಯೂ ಅಪಾಯದ್ದೇ. ಅಲ್ಲಿ ಮತ್ತೆ ಕಟ್ಟಿದ್ದು ಆಚೆ ರಾಮನಾಥಸ್ವಾಮಿ ಕೂತಿದ್ದಾನೆ ಎಂಬ ಕಾರಣಕ್ಕೆ. ದೇವರು ಜಾಗ ಬದಲಿಸುವುದಿಲ್ಲ, ಆದ್ದರಿಂದ ಹಳಿ ಅಲ್ಲಿಗೇ ಹೋಗಬೇಕು. ಹಡಗು ಹಾಗಲ್ಲ. ಅದಕ್ಕೆ ಕಟ್ಟೆ ಎಲ್ಲಿ ಕಟ್ಟಿದರೆ ಅಲ್ಲೇ ಮನೆ. ಚಂಡಮಾರುತದ ಬಳಿಕ ತಲೈಮನ್ನಾರ್ ಹಡಗು ರಾಮೇಶ್ವರದಿಂದಲೇ ಹೊರಡತೊಡಗಿತು. ಹಡಗಿನ ಹೆಸರು ರಾಮಾನುಜಂ, ವೈಸರಾಯ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಅಂದಿನಿಂದ ಧನುಷ್ಕೋಟಿ ಸ್ಟೇಷನ್ನಿಗೆ ಇರುವ ಕಾರಣವೇ ಇರಲಿಲ್ಲ. ಊರಿನ ರಸ್ತೆ, ಸಂತೆ, ದೇವಸ್ಥಾನ, ಗದ್ದೆ, ಯಾವುದೂ ಅದರ ಹಿಂದೆ ಇರಲಿಲ್ಲ. ಇದ್ದವರು ಮೀನುಗಾರರು. ಅವರಿಗಾಗಿ 24 ಕಿ.ಮೀ. ಹಳಿ ಹಾಕುವ ರೈಲ್ವೆ ಪ್ರಪಂಚದಲ್ಲಿ ಎಲ್ಲೂ ಇಲ್ಲ.

ಇದರಲ್ಲೊಂದು ವಿಧಿಯಾಟವೂ ಇದೆ. ಚಂಡಮಾರುತಕ್ಕೆ ಎರಡು ತಿಂಗಳೂ ಇರಲಿಲ್ಲ, 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಬಂದರು. ನೆಲೆ ಇಲ್ಲದ ಸುಮಾರು 9,75,000 ತೋಟದ ತಮಿಳರಲ್ಲಿ 5,25,000 ಜನರನ್ನು ಭಾರತ ವಾಪಸು ಕರೆಸಿಕೊಳ್ಳುವುದು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದವರದ್ದು ಮುಂದೆ ನೋಡುವುದು. ಯಾವ ಸ್ಟೇಷನ್ನಿನಿಂದ ಅವರ ಅಜ್ಜಂದಿರು ಹಡಗು ಹತ್ತಿದರೋ ಅದೇ ಸ್ಟೇಷನ್ನಿಗೆ ಮೊಮ್ಮಕ್ಕಳು ಇಳಿಯುವ ಕಾಲ ಬಂದಿತ್ತು. ಇಳಿಯಲು ಸ್ಟೇಷನ್ ಇರಲಿಲ್ಲ. ಅವರು ರಾಮೇಶ್ವರದಲ್ಲಿ ಇಳಿದು ಮಂಡಪಂ ಕ್ಯಾಂಪಿಗೆ ಹೋದರು. ಹೋಗುವಾಗ ಹಿಂದಿನವರನ್ನು ಕೂಡಿಹಾಕಿದ್ದ ಅದೇ ಮಂಡಪಂ. 1980ರ ದಶಕದಲ್ಲಿ ಆಚೆ ದಡದಲ್ಲಿ ಯುದ್ಧ ಹತ್ತಿಕೊಂಡ ಮೇಲೆ ಆ ಹಡಗೂ ನಿಂತಿತು.

ಆಚೆ ದಡದ ಸ್ಟೇಷನ್ನಿನ ಕಥೆ ಬೇರೆಯಾಯಿತು. ತಲೈಮನ್ನಾರ್ ಹಳಿ ಯುದ್ಧದಲ್ಲಿ ನಾಶವಾಗಿತ್ತು. ಯುದ್ಧ ಮುಗಿದ ಬಳಿಕ ಭಾರತದ ಸರ್ಕಾರಿ ಸಂಸ್ಥೆ ಇರ್ಕಾನ್ ಅದನ್ನು ಮತ್ತೆ ಕಟ್ಟಿತು. 2015ರ ಮಾರ್ಚ್ 14ರಂದು ಪ್ರಧಾನಿ ನರೇಂದ್ರ ಮೋದಿ ತಲೈಮನ್ನಾರ್‌ಗೆ ಹೋಗಿ ಅಲ್ಲಿನ ರೈಲಿಗೆ ಹಸಿರು ಬಾವುಟ ತೋರಿಸಿದರು. ಅಂದರೆ ನಮ್ಮವರೇ ಕಟ್ಟಿಕೊಟ್ಟ ಹಳಿಯ ಮೇಲೆ ಆ ಕಡೆಯ ಕಟ್ಟೆ ಸ್ಟೇಷನ್ನಿಗೆ ಈಗ ರೈಲು ಬರುತ್ತದೆ. ಈ ಕಡೆ ಅದರ ಜೋಡಿ ಸ್ಟೇಷನ್ ಪಾಳುಗೋಡೆ. ಯುದ್ಧ ಕೆಡಿಸಿದ್ದು ಎದ್ದಿತು, ಗಾಳಿ ಕೆಡವಿದ್ದು ಏಳಲಿಲ್ಲ.

ಈ ಕಡೆಯೂ ಪ್ರಯತ್ನ ಇಲ್ಲವೆಂದಲ್ಲ. 2019ರ ಮಾರ್ಚ್ 1ರಂದು ರಾಮೇಶ್ವರದಿಂದ ಧನುಷ್ಕೋಟಿಗೆ 17.2 ಕಿ.ಮೀ. ಬ್ರಾಡ್ ಗೇಜ್ ಹಳಿಗೆ ಶಂಕುಸ್ಥಾಪನೆ ಆಯಿತು. ಗಮನಿಸಿ, ಈ ಸಲ ಪಾಂಬನ್‌ನಿಂದಲ್ಲ, ರಾಮೇಶ್ವರದಿಂದ. ಹಿಂದೆ ಮುಖ್ಯಹಾದಿಯಾಗಿದ್ದದ್ದು ಈಗ ದೇವಸ್ಥಾನದ ಊರಿನ ಬಾಲ. ಹಡಗಿನ ಮಾತೇ ಇಲ್ಲ, ಈಗ ಬರುವವರು ಪ್ರವಾಸಿಗರು. ಯೋಜನೆಗೆ ರಾಜ್ಯ ಸರ್ಕಾರದ ವಿರೋಧ ಬಂತು. ಮನ್ನಾರ್ ಖಾರಿಯಲ್ಲಿ 1986ರಿಂದ ಕಡಲ ರಾಷ್ಟ್ರೀಯ ಉದ್ಯಾನವಿದೆ, ನೆಲವೋ ಎರಡು ಕಡೆಯಿಂದಲೂ ಸವೆಯುವ ಮರಳು. ನನ್ನ ಅಭಿಪ್ರಾಯ ಕೇಳಿದರೆ, ಒಂದು ಸಲ 5 ಮೀಟರ್ ಕುಸಿದ ನೆಲದ ಮೇಲೆ ಮತ್ತೆ ರೈಲು ಓಡಿಸಲು ಈ ಬಾರಿ ಚಹಾ ತೋಟದಷ್ಟು ಬಲವಾದ ಕಾರಣವೂ ಇಲ್ಲ. ಸೆಲ್ಫಿಗೆ ಬಸ್ಸು ಸಾಕು. ಪಾಂಬನ್‌ನ ಹಳೆಯ ಸೇತುವೆ 2022ರ ಡಿಸೆಂಬರ್‌ನಲ್ಲಿ ನಿವೃತ್ತವಾಗಿ, 2025ರ ಏಪ್ರಿಲ್ 6ರಂದು ಹೊಸದು ತೆರೆಯಿತು. ಅದರ ನಡುವಿನ ಭಾಗ ಕದದಂತೆ ತೆರೆಯುವುದಿಲ್ಲ, ಲಿಫ್ಟಿನಂತೆ ನೇರ ಮೇಲಕ್ಕೆ ಹೋಗುತ್ತದೆ.

2017ಕ್ಕೆ ಮೊದಲು ಧನುಷ್ಕೋಟಿಗೆ ಹೋಗುವುದೆಂದರೆ ಮೂಳೆ ಎಣಿಸಿಕೊಳ್ಳುವ ಕೆಲಸ. ಮುಕುಂದರಾಯರ್ ಛತ್ರದವರೆಗೆ ರಸ್ತೆ, ಆಮೇಲೆ ನೀರು-ಮರಳಿನ ನಡುವೆ ಉರುಳುವ ವ್ಯಾನು. ಈಗ ನೆಲದ ಕೊನೆಯ ತುದಿ ಅರಿಚಲ್‌ಮುನೈವರೆಗೆ ಕಪ್ಪು ಡಾಂಬರು. ಎಡಕ್ಕೊಂದು ಕಡಲು, ಬಲಕ್ಕೊಂದು ಕಡಲು. ದಾರಿಯಲ್ಲಿ ಇಳಿದರೆ ಮೊದಲು ಸಿಗುವುದು ಚರ್ಚು, ಹವಳದ ಕಲ್ಲಿನ ಗೋಡೆ, ಚಾವಣಿ ಇಲ್ಲ. ಹವಳದ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿ: ದೂರದಿಂದ ಗಟ್ಟಿ, ಹತ್ತಿರದಿಂದ ಜೇನುಗೂಡು, ಬೆರಳು ತೂರುವಷ್ಟು ತೂತು. ಸ್ಟೇಷನ್ನಿನದ್ದು ಅಷ್ಟೂ ಉಳಿದಿಲ್ಲ. ಕೆಲವು ಗೋಡೆ, ಕಂಬದ ತುಂಡು, ಸ್ವಲ್ಪ ಆಚೆಗೆ ಎಂಜಿನ್ನಿಗೆ ನೀರು ತುಂಬುತ್ತಿದ್ದ ತೊಟ್ಟಿಯ ಕಂಬಗಳು. ತೊಟ್ಟಿ ಇಲ್ಲ, ಅದನ್ನು ಹೊತ್ತಿದ್ದ ಕಾಲುಗಳಷ್ಟೇ ಮರಳಲ್ಲಿ ನಿಂತಿವೆ. ಹಳಿ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಗೋಡೆಯ ನೆರಳಿನಲ್ಲಿ ಚಿಪ್ಪಿನ ಸರ, ಶಂಖ, ಹುರಿದ ಮೀನು ಮಾರುವವರು ಕೂತಿರುತ್ತಾರೆ.

ನಾನು ಹೋದದ್ದು ನಡುಮಧ್ಯಾಹ್ನ. ತಂದಿದ್ದ ನೀರು ಮುಗಿದಿತ್ತು. ತೊಟ್ಟಿಯ ಕಂಬಗಳಿಂದ ಅಷ್ಟು ದೂರವಿಲ್ಲದ ಒಂದು ಗುಡಿಸಲಿನ ಹಿಂದೆ ಒಬ್ಬ ಹೆಂಗಸು ಮರಳಿನ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಟ್ಟಲಿನಿಂದ ನೀರು ಮೊಗೆದು ಕೊಡಕ್ಕೆ ಹಾಕುತ್ತಿದ್ದಳು. ಗುಂಡಿ ಸೊಂಟದಷ್ಟೂ ಆಳವಿಲ್ಲ. ನಾಲ್ಕು ಬಟ್ಟಲು ಮೊಗೆದು ನಿಲ್ಲಿಸುತ್ತಾಳೆ, ನೀರು ಮತ್ತೆ ಒಸರುವವರೆಗೆ ಕಾಯುತ್ತಾಳೆ, ಮತ್ತೆ ನಾಲ್ಕು ಬಟ್ಟಲು. ನನ್ನ ಖಾಲಿ ಬಾಟಲಿ ನೋಡಿ ಕೈ ಚಾಚಿದಳು. ಎರಡು ಕಡಲಿನ ಅಬ್ಬರ ಎರಡು ಕಿವಿಗೆ ಕೇಳುವಷ್ಟು ಹತ್ತಿರ, ನೀರು ಮಾತ್ರ ಒಂದಿಷ್ಟೂ ಉಪ್ಪಿರಲಿಲ್ಲ.